ಅಳತೆ ಮತ್ತು ಕೊಸರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸಂತೆಗಳಲ್ಲಿ ಕೊಟ್ಟು ಕೊಂಡು ಬಲ್ಲವರಿಗೆ ‘ಕೊಸರು’ ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾದುದಿಲ್ಲ. ಸೇರಿನಲ್ಲಿ ಅಳೆದು ಹಾಕಿದ ಮೇಲೆ ಹೆಚ್ಚಿಗೆ ಸುರಿಯುವ ಒಂದು ಹಿಡಿ ಕಾಳು, ಎಣಿಕೆ ಮುಗಿದ ಮೇಲೆ ಚೀಲಕ್ಕೆ ಹಾಕುವ ಒಂದೆರಡು ಕಾಯಿ, ಇದೇ ಕೊಸರು. ಅದಕ್ಕೆ ಬೆಲೆಯಿಲ್ಲ, ಆದರೆ ಅದು ಬಿದ್ದರೆ ಕೊಂಡವನ ಮುಖ ಅರಳುತ್ತದೆ, ಕೊಟ್ಟವನಿಗೂ ಕೊಟ್ಟೆನೆಂಬ ತೃಪ್ತಿ ಉಳಿಯುತ್ತದೆ. ಈ ಅಲ್ಪವಾದ ವಾಡಿಕೆಯಲ್ಲಿ ಒಂದು ನೀತಿಯುಂಟೆಂಬುದು ನನಗೆ ಹೊಳೆದದ್ದು ಸಂತೆಯಲ್ಲಿ ಅಲ್ಲ. ನನ್ನ ಮನೆಯ ಜಗುಲಿಯ ಮೇಲೆ ನಡೆದ ಒಂದು ಜಗಳದಲ್ಲಿ. ಆ ಜಗಳಕ್ಕೆ ನಾನೂ ಸ್ವಲ್ಪಮಟ್ಟಿಗೆ ಕಾರಣನಾದುದರಿಂದ, ಅದರಿಂದ ಕಲಿತುದನ್ನು ವಾಚಕರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು, ಹಿಂದೆ ನನ್ನ ಬಳಿಯೇ ಓದಿದವಳು, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ತಾಯಿಯ ಅಸ್ವಸ್ಥತೆಯ ನಿಮಿತ್ತ ಊರಿಗೆ ಹಿಂದಿರುಗಿ, ಮನೆಯಲ್ಲಿ ಕುಳಿತೇ ಒಂದು ಹೊಸ ವೃತ್ತಿಯನ್ನು ನಡೆಸುತ್ತಿದ್ದಾಳೆ. ಡಿಜಿಟಲ್ ಮಾರ್ಕೆಟಿಂಗ್ ಎಂದು ಅದರ ಹೆಸರು. ವ್ಯಾಪಾರಿಗಳ ಸರಕಿನ ಚಿತ್ರ ತೆಗೆದು, ಅದರ ಗುಣಗಳನ್ನು ಬರೆದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ಮೊದಲಾದವುಗಳ ಮೂಲಕ ದೂರದ ಜನರ ಕಣ್ಣಿಗೆ ಬೀಳುವಂತೆ ಮಾಡುವುದು, ಜಾಹೀರಾತುಗಳನ್ನು ನಡೆಸುವುದು, ವಿಚಾರಿಸಿದವರಿಗೆ ಉತ್ತರ ಕೊಡುವುದು, ಇವು ಅವಳ ಕೆಲಸ. ಅವಳು ಯಾರ ಸಂಬಳಗಾರಳೂ ಅಲ್ಲ. ಒಪ್ಪಿಕೊಂಡ ಕೆಲಸಕ್ಕೆ ಒಪ್ಪಿಕೊಂಡ ಹಣ, ಅಷ್ಟೆ. ಇಂಥ ಸ್ವತಂತ್ರ ವೃತ್ತಿಯವರು ಈಗ ದೊಡ್ಡ ಪಟ್ಟಣಗಳಲ್ಲಿ ಮಾತ್ರವಲ್ಲದೆ ನಮ್ಮ ತೆಂಗಿನ ಸೀಮೆಯಲ್ಲಿಯೂ ಕಾಣತೊಡಗಿದ್ದಾರೆ.

ಸಮೀಪದ ಹಳ್ಳಿಯಲ್ಲಿ ಗಾಣದಿಂದ ಕೊಬ್ಬರಿ ಎಣ್ಣೆ ತೆಗೆಸಿ ಮಾರುವ ಗೃಹಸ್ಥರೊಬ್ಬರು ಅವಳ ತಂದೆಯ ಸ್ನೇಹಿತರು. ಅವಳು ಅವರನ್ನು ಚಿಕ್ಕಂದಿನಿಂದ ‘ಮಾವ’ ಎಂದೇ ಕರೆಯುತ್ತಾಳೆ. ಅವರು ಒಂದು ದಿನ ಮನೆಗೆ ಬಂದು, “ನಮ್ಮ ಎಣ್ಣೆ ನಾಲ್ಕು ಜನಕ್ಕೆ ಗೊತ್ತಾಗೋ ಹಾಗೆ ಮಾಡಿಕೊಡಮ್ಮ; ತಿಂಗಳಿಗೆ ಎಂಟು ಸಾವಿರ ಕೊಡ್ತೀನಿ” ಎಂದರು. “ಆಗಲಿ ಮಾವ” ಎಂದಳು. ಕಾಫಿ ಕುಡಿದು ಎದ್ದರು. ಒಪ್ಪಂದವೆಲ್ಲ ಇಷ್ಟೇ.

ಮೊದಲ ತಿಂಗಳು ಎಲ್ಲವೂ ಸಂತೋಷವಾಗಿ ನಡೆಯಿತು. ಎರಡನೆಯ ತಿಂಗಳು ಶೀಸೆಯ ಮೇಲಿನ ಚೀಟಿಯನ್ನೂ ಅವಳೇ ಬರೆದುಕೊಟ್ಟಳು. ಬಳಿಕ ಅವರ ಮಗಳ ಮದುವೆಯ ಪತ್ರಿಕೆ ಬಂತು. ಅದಾದ ಮೇಲೆ ಅವರ ಭಾವಮೈದುನನ ಸಹಕಾರ ಸಂಘದ ಚುನಾವಣೆಯ ಚಿತ್ರಪಟ ಬಂತು. ರಾತ್ರಿ ಹತ್ತು ಗಂಟೆಗೆ ಗಿರಾಕಿಗಳು ಎಣ್ಣೆಯ ಬೆಲೆ ಕೇಳಿದರೆ ಉತ್ತರಿಸುವುದೂ ಅವಳ ಪಾಲಿಗೇ ಬಂತು. ಜಾಹೀರಾತಿಗೆ ಕಟ್ಟಬೇಕಾದ ಹಣವನ್ನು ಅವಳು ಕೈಯಿಂದ ಹಾಕಿ, ಆಮೇಲೆ ಕೇಳೋಣವೆಂದು ಸುಮ್ಮನಿದ್ದಳು. ಆ ಖರ್ಚು ಎಂಟು ಸಾವಿರದೊಳಗೇ ಸೇರಿದೆಯೆಂದು ಅವರು ತಿಳಿದಿದ್ದರು. ಐದನೆಯ ತಿಂಗಳು ಅವರು, ಈ ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಬರೆಯಬೇಕೆಂದು ಹೇಳಿದರು. ಅವಳು ಬರೆಯುವುದಿಲ್ಲವೆಂದಳು. ಅವರಿಗೆ ಕೋಪ ಬಂತು. “ಐದು ತಿಂಗಳಾಯಿತು; ಎಣ್ಣೆ ಎಷ್ಟು ಹೆಚ್ಚಿಗೆ ಖರ್ಚಾಯಿತು?” ಎಂದು ಕೇಳಿ ಹಣ ನಿಲ್ಲಿಸಿದರು. ಅವಳು ಅಂಗಡಿಯ ಹೆಸರಿನಲ್ಲಿ ತೆರೆದ ಖಾತೆಗಳ ಪಾಸ್‌ವರ್ಡನ್ನು ಕೊಡದೆ ಹಿಡಿದಳು. ಇಬ್ಬರೂ ನನ್ನ ಬಳಿಗೆ ನ್ಯಾಯಕ್ಕೆ ಬಂದರು.

ನಾನು ಇಬ್ಬರ ಮಾತನ್ನೂ ಕೇಳಿದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಇಬ್ಬರೂ ತಮಗೆ ಅನ್ಯಾಯವಾಯಿತೆಂದು ನಂಬಿದ್ದರು. ‘ನಾಲ್ಕು ಜನಕ್ಕೆ ಗೊತ್ತಾಗುವುದು’ ಎಂದರೆ ನಾಲ್ಕು ಜನ ಹೊಸದಾಗಿ ಕೊಳ್ಳುವುದೆಂದು ಅವರ ಅರ್ಥ; ಎಣ್ಣೆಯ ಹೆಸರು ಜನರ ಕಣ್ಣಿಗೆ ಬೀಳುವುದೆಂದು ಅವಳ ಅರ್ಥ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡದ ನುಡಿಗಟ್ಟುಗಳನ್ನು ಹೇಳಿಕೊಟ್ಟ ನಾನು, ಇಷ್ಟು ಸಾಧುವಾದ ನುಡಿಗಟ್ಟೊಂದು ಎರಡು ಮನೆಗಳನ್ನು ಒಡೆಯಬಲ್ಲುದೆಂದು ಎಂದೂ ಎಣಿಸಿರಲಿಲ್ಲ.

“ಮೊದಲೇ ಬರೆದುಕೊಳ್ಳಲಿಲ್ಲವೇ?” ಎಂದು ಕೇಳಿದೆ. ಅವರು, “ಮನೆ ಮಗಳ ಹತ್ತಿರ ಕರಾರು ಪತ್ರವೇ, ಮೇಷ್ಟ್ರೇ?” ಎಂದರು. ಅವಳು ತಲೆ ತಗ್ಗಿಸಿ, “ಆಗ ನಿಮ್ಮನ್ನೇ ಕೇಳಿದ್ದೆನಲ್ಲ ಮೇಷ್ಟ್ರೇ” ಎಂದಳು. ಅಹುದು, ಕೇಳಿದ್ದಳು. ಏನೇನು ಮಾಡಿಕೊಡುವುದೆಂದು ಒಂದು ಕಾಗದದಲ್ಲಿ ಬರೆದು ಮಾವನಿಗೆ ತೋರಿಸಲೇ ಎಂದಾಗ ನಾನು ನಕ್ಕು, “ಮಾವನವರ ಹತ್ತಿರ ಕಾಗದವೇಕಮ್ಮ? ನಂಬಿಕೆ ಇಲ್ಲವೆಂದುಕೊಂಡಾರು” ಎಂದಿದ್ದೆ. ಅವರಿಬ್ಬರೂ ಬರೆಯದೆ ಬಿಟ್ಟದ್ದು ಪ್ರೀತಿಯಿಂದ. ನಾನು ಬೇಡವೆಂದದ್ದೂ ಪ್ರೀತಿಯಿಂದ. ಬರೆಯದೆ ಹೋದದ್ದರಿಂದ ಕೆಟ್ಟದ್ದು ಆ ಪ್ರೀತಿಯೇ. ಇದನ್ನು ಕಂಡಂದಿನಿಂದ ನನ್ನ ಮನಸ್ಸಿನಲ್ಲಿ ಈ ಪ್ರಶ್ನೆ ನಿಂತಿದೆ: ಪರಿಚಿತರ ನಡುವೆ ಕೆಲಸದ ಎಲ್ಲೆಯನ್ನು ಬರೆದಿಡುವುದು ಅಪನಂಬಿಕೆಯ ಲಕ್ಷಣವೋ, ಅಥವಾ ಧರ್ಮದ ಒಂದು ಅಂಗವೋ?

ಅಪನಂಬಿಕೆಯೆನ್ನುವವರ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದವರು ನಾವು. ಆ ಹಸು ಹುಲಿಗೆ ಪತ್ರ ಬರೆದುಕೊಡಲಿಲ್ಲ. ಮಾತೇ ಸತ್ಯವೆಂಬುದು ನಮ್ಮ ಜನದ ಹಳೆಯ ಹೆಮ್ಮೆ. ಅದೂ ಅಲ್ಲದೆ ಕಾಗದವೆಂಬುದು ಹಳ್ಳಿಯ ಜನಕ್ಕೆ ಪರಿಚಯವಾದದ್ದು ಸ್ನೇಹಿತನಾಗಿ ಅಲ್ಲ. ಓದು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಲಪತ್ರವಾಗಿ, ನ್ಯಾಯಸ್ಥಾನದ ನೋಟೀಸಾಗಿ, ಜಮೀನನ್ನು ಕೈಬಿಡಿಸಿದ ಕ್ರಯಪತ್ರವಾಗಿ ಅದು ಮನೆಯ ಬಾಗಿಲಿಗೆ ಬಂದಿದೆ. ಹೀಗಿರುವಲ್ಲಿ, ‘ಕಾಗದ ತಾ’ ಎಂದವನನ್ನು ಜನ ಸಂಶಯದಿಂದ ನೋಡಿದರೆ ಅದು ಅಜ್ಞಾನವಲ್ಲ, ಅನುಭವ.

ಆದರೆ ಇಲ್ಲಿ ಎರಡು ಬಗೆಯ ಸಂಶಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ‘ಈತನು ಮಾತಿಗೆ ತಪ್ಪಬಹುದು’ ಎಂಬುದು ಒಂದು. ‘ಈತನೂ ನಾನೂ ಒಂದೇ ಮಾತನ್ನು ಎರಡು ರೀತಿ ತಿಳಿದಿರಬಹುದು’ ಎಂಬುದು ಇನ್ನೊಂದು. ಮೊದಲನೆಯದು ಇನ್ನೊಬ್ಬನ ಶೀಲವನ್ನು ಕುರಿತ ಸಂಶಯ. ಎರಡನೆಯದು ಮಾತಿನ ಶಕ್ತಿಯನ್ನೂ ನಮ್ಮಿಬ್ಬರ ನೆನಪನ್ನೂ ಕುರಿತದ್ದು. ಅದರಲ್ಲಿ ಯಾರಿಗೂ ಅವಮಾನವಿಲ್ಲ; ಏಕೆಂದರೆ ಸಂಶಯಪಡುವವನು ತನ್ನನ್ನೂ ಸೇರಿಸಿಕೊಂಡೇ ಸಂಶಯಪಡುತ್ತಾನೆ. ೧೮೭೨ರ ಭಾರತೀಯ ಕರಾರು ಕಾಯಿದೆಯ ೧೩ನೆಯ ಪ್ರಕರಣವು ಸಮ್ಮತಿಯೆಂದರೇನೆಂಬುದನ್ನು ಹೇಳುವಾಗ ಈ ಅಂಶವನ್ನೇ ಹಿಡಿದಿದೆ: ಇಬ್ಬರು ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅವರು ಸಮ್ಮತಿಸಿದರೆಂದು ಲೆಕ್ಕ. ‘ಆಗಲಿ’ ಎಂದು ಇಬ್ಬರೂ ಹೇಳಿದ ಮಾತ್ರಕ್ಕೆ ಸಮ್ಮತಿಯಾಗಲಿಲ್ಲ. ನಮ್ಮ ಎಣ್ಣೆಯ ಗೃಹಸ್ಥರೂ ಆ ಹುಡುಗಿಯೂ ಒಂದೇ ಮಾತಿಗೆ ಒಪ್ಪಿದ್ದರು. ಒಂದೇ ಅರ್ಥಕ್ಕೆ ಒಪ್ಪಿರಲಿಲ್ಲ.

ನಮ್ಮ ಪುರಾಣಗಳೂ ಈ ಎಚ್ಚರವನ್ನು ಕೊಡದೆ ಇಲ್ಲ. ಬಲಿ ಚಕ್ರವರ್ತಿ ವಾಮನನಿಗೆ ಮೂರು ಹೆಜ್ಜೆಯ ನೆಲವನ್ನು ಧಾರೆಯೆರೆದನು. ಮೂರು ಎಂಬ ಎಣಿಕೆ ಸ್ಪಷ್ಟವಾಗಿತ್ತು. ಹೆಜ್ಜೆ ಎಷ್ಟು ದೊಡ್ಡದೆಂಬ ಅಳತೆ ಸ್ಪಷ್ಟವಾಗಿರಲಿಲ್ಲ. ದಶರಥನು ಕೈಕೇಯಿಗೆ ಎರಡು ವರಗಳನ್ನು ಕೊಟ್ಟನು. ಯಾವ ವರ, ಎಂದಿನವರೆಗೆ ಎಂಬುದನ್ನು ಹೇಳಲಿಲ್ಲ. ಇಬ್ಬರೂ ಸತ್ಯವಂತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲೆಯಿಲ್ಲದ ಮಾತನ್ನು ಕೊಟ್ಟವನು ಎಷ್ಟು ಸತ್ಯವಂತನೋ ಅಷ್ಟೇ ದುಃಖಕ್ಕೆ ಒಳಗಾಗುತ್ತಾನೆ. ದಶರಥನ ವಿಷಯದಲ್ಲಿಯಂತೂ ದುಃಖ ಅವನೊಬ್ಬನಿಗೇ ನಿಲ್ಲಲಿಲ್ಲ. ಪುಣ್ಯಕೋಟಿಯಾದರೋ ಏನು ಹೇಳಿತು? ಕರುವಿಗೆ ಹಾಲುಣಿಸಿ ಹಿಂದಿರುಗಿ ಬರುತ್ತೇನೆಂದಿತು. ಹೋಗುವುದು ಎಲ್ಲಿಗೆ, ಏತಕ್ಕೆ, ಆಮೇಲೆ ಮಾಡುವುದೇನು, ಎಲ್ಲವೂ ಆ ಮಾತಿನಲ್ಲಿ ಇದೆ. ಅದು ಬರೆಯದ ಕರಾರು, ಆದರೆ ಅಸ್ಪಷ್ಟವಾದ ಕರಾರಲ್ಲ. ಮುಖ್ಯವಾದುದು ಕಾಗದವಲ್ಲ, ಸ್ಪಷ್ಟತೆ. ಕಾಗದವು ಅದರ ಊರೆಗೋಲು ಮಾತ್ರ.

ಹಾಗಾದರೆ ನಮ್ಮ ಹಿರಿಯರು ಕಾಗದವಿಲ್ಲದೆ ಇಷ್ಟೊಂದು ವ್ಯವಹಾರವನ್ನು ಹೇಗೆ ನಡೆಸಿದರು? ಅವರಿಗೆ ರೂಢಿಯ ಬೆಂಬಲವಿತ್ತು. ಕಾಯಿ ಕೀಳುವವನನ್ನು ಕರೆದರೆ ಮರಕ್ಕೆ ಇಷ್ಟು ಕೂಲಿ, ಹೆಡೆಮಟ್ಟೆ ಯಾರಿಗೆ, ಎಳನೀರು ಎಷ್ಟು, ಎಂಬುದು ಊರಿಗೇ ಗೊತ್ತಿರುತ್ತದೆ. ‘ಅಟ್ಟಕ್ಕೆ ಹಾಕು’ ಎಂದರೆ, ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟು ಹತ್ತು ತಿಂಗಳಿಂದ ಒಂದು ವರ್ಷದವರೆಗೆ ಒಣಗಲು ಬಿಟ್ಟು, ಒಳಗಿನ ಕೊಬ್ಬರಿ ಚಿಪ್ಪನ್ನು ಬಿಟ್ಟು ಅಲ್ಲಾಡುವಂತಾದ ಮೇಲೆ ಸುಲಿದು, ಉಂಡೆ ಒಡೆಯದಂತೆ ತೆಗೆಯುವುದೆಂದು ಮಗುವಿಗೂ ಗೊತ್ತು. ಬಾಯಿಂದ ಬಂದದ್ದು ಒಂದು ಮಾತು. ಅದರ ಹಿಂದೆ ರೂಢಿಯು ಬರೆದಿಟ್ಟದ್ದು ಒಂದು ಇಡೀ ಪುಟ.

ಕರಾರು ಕಾಯಿದೆಯ ೨೯ನೆಯ ಪ್ರಕರಣವು ಅರ್ಥ ನಿಶ್ಚಯವಾಗದ ಕರಾರು ಅಸಿಂಧುವೆಂದು ಹೇಳಿ ಕೆಲವು ದೃಷ್ಟಾಂತಗಳನ್ನು ಕೊಡುತ್ತದೆ. ತೆಂಗಿನ ಸೀಮೆಯವರಾದ ನಮಗೆ ಅವು ವಿನೋದವಾಗಿಯೂ ಕಾಣಬಹುದು. ಒಬ್ಬನು ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರಲು ಒಪ್ಪಿದನು. ಯಾವ ಎಣ್ಣೆಯೆಂದು ತಿಳಿಯಲು ಯಾವ ಆಧಾರವೂ ಇಲ್ಲ. ಆ ಕರಾರು ನಿಲ್ಲುವುದಿಲ್ಲ. ಆದರೆ ಮಾರುವವನು ಕೊಬ್ಬರಿ ಎಣ್ಣೆಯೊಂದನ್ನೇ ಮಾರುವ ವರ್ತಕನಾಗಿದ್ದರೆ, ಅವನ ವೃತ್ತಿಯೇ ಮಾತಿನ ಅರ್ಥವನ್ನು ತೋರಿಸುವುದರಿಂದ ಕರಾರು ನಿಲ್ಲುತ್ತದೆ. ಎಂದರೆ, ಬಿಟ್ಟುಹೋದ ಮಾತನ್ನು ವೃತ್ತಿಯ ರೂಢಿ ತುಂಬಿಕೊಡುತ್ತದೆ. ಕಾಯಿದೆಯು ಬಾಯಿಮಾತಿನ ಕರಾರನ್ನೂ ಸಾಮಾನ್ಯವಾಗಿ ಮನ್ನಿಸುತ್ತದೆ, ಮನ್ನಿಸದಿರುವುದು ಅನಿಶ್ಚಿತವಾದುದನ್ನು.

ಇನ್ನು ಆ ಹುಡುಗಿಯ ವೃತ್ತಿಯನ್ನು ನೋಡೋಣ. ಅದಕ್ಕೆ ನಮ್ಮ ಊರಿನಲ್ಲಿ ರೂಢಿಯೆಂಬುದೇ ಇಲ್ಲ. ತಿಂಗಳಿಗೆ ಎಷ್ಟು ಚಿತ್ರಗಳು, ಚಿತ್ರವನ್ನು ಎಷ್ಟು ಸಲ ತಿದ್ದಿಸಬಹುದು, ಜಾಹೀರಾತಿನ ಹಣ ಯಾರದು, ಖಾತೆ ಯಾರದು, ಇವನ್ನು ಹೇಳಿಕೊಡುವ ಅಜ್ಜ ಯಾವ ಜಗುಲಿಯ ಮೇಲೂ ಕುಳಿತಿಲ್ಲ. ರೂಢಿ ಇಲ್ಲದ ಕಡೆಯಲ್ಲಿ ಬಾಯಿಮಾತಿನಿಂದಲೇ ಒಪ್ಪಿಕೊಳ್ಳುವುದು ಹಿರಿಯರ ನಡತೆಯನ್ನು ಅನುಸರಿಸಿದಂತೆ ಕಾಣುತ್ತದೆ. ಆದರೆ ಹಿರಿಯರಿಗೆ ಆಧಾರವಾಗಿದ್ದುದನ್ನು ತೆಗೆದುಹಾಕಿ ಅವರ ಹೊರರೂಪವನ್ನು ಮಾತ್ರ ಉಳಿಸಿಕೊಂಡಂತೆ ಆಗುತ್ತದೆ. ನಾನು ಮಾಡಿದ ತಪ್ಪು ಇದೇ. ರೂಢಿ ಬೆಳೆಯುವವರೆಗೆ ಅದರ ಕೆಲಸವನ್ನು ಕಾಗದ ಮಾಡಬೇಕಾಗುತ್ತದೆ.

ರೂಢಿಯಿರುವ ಕಡೆಯಲ್ಲಿ ಸಹ, ವ್ಯವಹಾರ ಊರನ್ನು ದಾಟಿದೊಡನೆ ಅಳತೆಯನ್ನು ಬಿಡಿಸಿ ಹೇಳಬೇಕಾಗುತ್ತದೆ. ೨೦೨೫ರ ಹಂಗಾಮಿಗೆ ಕೇಂದ್ರ ಸರ್ಕಾರವು ಕೊಬ್ಬರಿಗೆ ಬೆಂಬಲ ಬೆಲೆಯನ್ನು ಗೊತ್ತುಮಾಡಿದಾಗ ಒಂದೇ ಬೆಲೆಯನ್ನು ಹೇಳಲಿಲ್ಲ. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ೧೨,೧೦೦ ರೂಪಾಯಿ, ಎಣ್ಣೆಗೆ ಹೋಗುವ ಕೊಬ್ಬರಿಗೆ ೧೧,೫೮೨ ರೂಪಾಯಿ ಎಂದು ಎರಡನ್ನು ಹೇಳಿತು. ಅದೂ ಗೊತ್ತಾದ ಗುಣಮಟ್ಟದ ಸರಕಿಗೆ ಮಾತ್ರ. ‘ಕೊಬ್ಬರಿ’ ಎಂಬ ಒಂದು ಮಾತಿನಲ್ಲಿಯೇ ಕ್ವಿಂಟಲಿಗೆ ಐನೂರಕ್ಕೂ ಹೆಚ್ಚು ರೂಪಾಯಿಗಳ ಅಂತರ ಅಡಗಿರುವಾಗ, ‘ಪ್ರಚಾರ’ ಎಂಬ ಮಾತಿನಲ್ಲಿ ಎಷ್ಟು ಅಂತರ ಅಡಗಿರಬೇಡ!

ಎಲ್ಲೆಯನ್ನು ಬರೆಯುವುದು ಜಿಪುಣತನದ ಗುರುತೆನ್ನುವವರು ನಮ್ಮ ಶಾಸನಗಳನ್ನು ನೋಡಬೇಕು. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ೧೯೦೪ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡ ನಾಡಿನ ಭೂದಾನದ ಶಾಸನಗಳಲ್ಲಿ ಕೊಟ್ಟ ನೆಲದ ಎಲ್ಲೆಗಳನ್ನು ಹೇಳುವುದು ಬಹಳ ಸಾಮಾನ್ಯ: ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಕಲ್ಲು, ಪಡುವಲಿಗೆ ಇಂಥ ಮರ, ಬಡಗಲಿಗೆ ಇಂಥ ದಾರಿ. ಕೊಟ್ಟವನು ಮಾರುತ್ತಿರಲಿಲ್ಲ, ದಾನ ಮಾಡುತ್ತಿದ್ದನು. ದಾನಕ್ಕಿಂತ ಧಾರಾಳವಾದ ಕಾರ್ಯವೇನಿದೆ? ಆದರೂ ಎಲ್ಲೆಯನ್ನು ಕಲ್ಲಿನಲ್ಲಿ ಕೊರೆಸಿದನು. ಕಾರಣ, ಪಡೆದವನಲ್ಲಿ ಅಪನಂಬಿಕೆಯಲ್ಲ. ಇಬ್ಬರೂ ಇಲ್ಲವಾದ ಮೇಲೆ ಬರುವವರಿಗೆ ವಿವಾದ ಉಳಿಯಬಾರದೆಂಬ ಕರುಣೆ. ಐದು ತಿಂಗಳ ಹಿಂದೆ ಕಾಫಿ ಕುಡಿದು ಒಪ್ಪಿಕೊಂಡ ಇಬ್ಬರು ಸಂತೋಷಚಿತ್ತರು, ಐದು ತಿಂಗಳ ಮೇಲೆ ದಣಿದು ಕೋಪಗೊಂಡ ಇಬ್ಬರಿಗೆ ಏನನ್ನಾದರೂ ಬರೆದಿಟ್ಟು ಹೋಗಬೇಕಾಗಿತ್ತು. ಕಾಲವು ಒಬ್ಬನೇ ಮನುಷ್ಯನನ್ನು ಬೇರೊಬ್ಬನನ್ನಾಗಿ ಮಾಡಬಲ್ಲುದು.

ಬರೆಯಬೇಕಾದವರು ಯಾರು? ಇದು ನೀತಿಯ ಪ್ರಶ್ನೆ. ಹಣ ಕೊಡುವವನು ಬರೆಯಲಿ ಎನ್ನುವುದು ಲೋಕದ ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಆ ಹೊಣೆ ಮೊದಲು ಸೇರತಕ್ಕದ್ದು ಆ ಕೆಲಸವನ್ನು ಹೆಚ್ಚಾಗಿ ಬಲ್ಲವನಿಗೆ. ಎಣ್ಣೆಯವರಿಗೆ ಎಣ್ಣೆ ಗೊತ್ತು. ಗೂಗಲಿನಲ್ಲಿ ಏನಾಗುತ್ತದೆ, ಏನಾಗಲಾರದು ಎಂಬುದು ಗೊತ್ತಿಲ್ಲ. ಹುಡುಗಿಗೆ ಗೊತ್ತು. ಬಲ್ಲವನು ಸುಮ್ಮನಿದ್ದರೆ ಅರಿಯದವನ ಆಸೆ ತನ್ನಷ್ಟಕ್ಕೆ ಬೆಳೆಯುತ್ತದೆ. ಹಾಗೆ ಬೆಳೆದ ಆಸೆಗೆ ಸುಮ್ಮನಿದ್ದವನೂ ಹೊಣೆಗಾರನೇ. ಹುಡುಕುವವರಿಗೆ ಮೊದಲ ಸ್ಥಾನದಲ್ಲಿ ಕಾಣುವಂತೆ ಮಾಡುತ್ತೇನೆಂದು ಯಾರೂ ಖಾತರಿ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತನ್ನ ಮಾರ್ಗದರ್ಶನದಲ್ಲಿ ಹೇಳಿದೆ. ಇದನ್ನು ಬಲ್ಲವನು ಅರಿಯದವನಿಗೆ ಮೊದಲೇ ಹೇಳಬೇಕು. ತೋಟಗಾರಿಕೆಯವರಾದ ನಮಗೆ ಇದು ತಿಳಿಯದ ವಿಷಯವಲ್ಲ. ನೀರು, ಗೊಬ್ಬರ, ಆರೈಕೆ ನಮ್ಮ ಕೈಯಲ್ಲಿವೆ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಅಷ್ಟರಲ್ಲಿ ಮಳೆ ಕೈಕೊಡಬಹುದು, ನುಸಿಯೋ ಕಪ್ಪುತಲೆ ಹುಳುವೋ ಬಿಳಿ ನೊಣವೋ ಬೀಳಬಹುದು. ಆರೈಕೆಗೆ ಮಾತು ಕೊಡಬಹುದು. ಕಾಯಿಯ ಎಣಿಕೆಗೆ ಕೊಡಲಾಗದು. ಹಾಗೆ ‘ಇಷ್ಟನ್ನು ಮಾಡುತ್ತೇನೆ, ಇದರ ಫಲ ನನ್ನ ಕೈಯಲ್ಲಿಲ್ಲ’ ಎನ್ನುವುದು ನುಣುಚಿಕೊಳ್ಳುವ ಮಾತಲ್ಲ, ಸತ್ಯದ ಮಾತು.

ಎಲ್ಲೆಯಲ್ಲಿ ಇನ್ನೊಂದು ಬಗೆಯೂ ಉಂಟು: ‘ಇದನ್ನು ಮಾಡುವುದಿಲ್ಲ’ ಎಂಬುದು. ಆಹಾರ ಪದಾರ್ಥವೊಂದು ರೋಗವನ್ನು ಗುಣಪಡಿಸುತ್ತದೆಂದು ಜಾಹೀರಾತು ಮಾಡುವುದನ್ನು ೨೦೧೮ರ ಆಹಾರ ಸುರಕ್ಷತಾ ನಿಯಮಾವಳಿಗಳು ತಡೆಯುತ್ತವೆ. ಆದರೆ ನಿಯಮವಿಲ್ಲದಿದ್ದರೂ ಅವಳು ಒಪ್ಪಬಾರದಾಗಿತ್ತು. ಎಣ್ಣೆಯನ್ನು ನಂಬಿ ಔಷಧ ಬಿಟ್ಟ ರೋಗಿಯೊಬ್ಬನು ಈ ಇಬ್ಬರ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ, ಪರಿಣಾಮದಲ್ಲಿ ಮಾತ್ರ ಇದ್ದಾನೆ. ಅವಳು ನಿರಾಕರಿಸಿದ್ದು ಸರಿ. ಆದರೆ ಐದು ತಿಂಗಳ ಮೇಲೆ ಥಟ್ಟನೆ ನಿರಾಕರಿಸಿದಾಗ ಅದು ಧರ್ಮವಾಗಿ ಕಾಣದೆ ಹಟವಾಗಿ ಕಂಡಿತು. ಮೊದಲ ದಿನವೇ ಒಂದು ಸಾಲಿನಲ್ಲಿ ಬರೆದಿದ್ದರೆ ಅದು ಹಟವಾಗಿ ತೋರುತ್ತಿರಲಿಲ್ಲ.

ಬರೆಯತಕ್ಕದ್ದು ಬಹಳವಿಲ್ಲ, ಅರ್ಧ ಹಾಳೆ ಸಾಕು. ಮಾಡುವ ಕೆಲಸಗಳು ಯಾವುವು, ತಿಂಗಳಿಗೆ ಎಷ್ಟು, ಮಾಡದಿರುವವು ಯಾವುವು, ತಿದ್ದುಪಡಿ ಎಷ್ಟು ಸಲ, ಚಿತ್ರ, ಬೆಲೆಪಟ್ಟಿ ಮೊದಲಾದವನ್ನು ವ್ಯಾಪಾರಿಯು ಎಂದಿಗೆ ಒದಗಿಸಬೇಕು, ಜಾಹೀರಾತಿನ ಹಣ ಯಾರ ಕೈಯಿಂದ, ಖಾತೆಗಳು ಯಾರ ಹೆಸರಿನಲ್ಲಿ, ಕೆಲಸ ನಿಂತ ಮೇಲೆ ಅವನ್ನು ಒಪ್ಪಿಸುವ ರೀತಿ ಹೇಗೆ, ಹಣ ಸಲ್ಲುವ ದಿನ ಯಾವುದು, ಹೊಸ ಕೆಲಸ ಬಂದರೆ ಮಾಡುವ ಮುನ್ನ ಅದರ ಹಣದ ಮಾತು ಆಡತಕ್ಕದ್ದು, ಬಿಡಬೇಕಾದರೆ ಎಷ್ಟು ದಿನ ಮುಂಚೆ ತಿಳಿಸತಕ್ಕದ್ದು. ಇಷ್ಟನ್ನು ಇಬ್ಬರೂ ಓದಬಲ್ಲ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ, ಒಬ್ಬೊಬ್ಬರು ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಹಣದ ದಿನದ ವಿಷಯದಲ್ಲಿ ಕಾನೂನೂ ಸ್ವಲ್ಪ ಆಸರೆ ಕೊಡುತ್ತದೆ. ೨೦೦೬ರ ಕಾಯಿದೆಯ ಪ್ರಕಾರ, ನೋಂದಣಿಯಾದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆದಾರರಿಗೆ ಸಲ್ಲಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿದ್ದರೂ, ೪೫ ದಿನಗಳೊಳಗೆ ಕೊಡಬೇಕು. ಕರಾರಿಲ್ಲದಿದ್ದರೆ ೧೫ ದಿನಗಳೊಳಗೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ೨೦೧೭ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಸ್ವತಂತ್ರ ವೃತ್ತಿಯವರಿಂದ ೮೦೦ ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಕೆಲಸ ಮಾಡಿಸುವವರು ಲಿಖಿತ ಕರಾರನ್ನು ಮಾಡಿಕೊಳ್ಳಲೇಬೇಕು. ಅಷ್ಟು ದೊಡ್ಡ ನಗರದಲ್ಲಿಯೂ ಬಾಯಿಮಾತಿನಿಂದ ನೊಂದವರು ಇದ್ದರೆಂದಾಯಿತು.

ಹಾಗೆಂದು ಕಾಗದವೆಲ್ಲ ಸತ್ಯವೆಂದು ನಾನು ಹೇಳುವುದಿಲ್ಲ. ಯಾರೂ ಓದಲಾರದಷ್ಟು ಉದ್ದವಾಗಿ, ಅರ್ಥವಾಗದ ಭಾಷೆಯಲ್ಲಿ ಬರೆದು, ‘ಒಪ್ಪಿದೆ’ ಎಂದು ಒತ್ತಿಸಿಕೊಳ್ಳುವ ಕರಾರುಗಳು ನಮ್ಮೆಲ್ಲರ ಮೊಬೈಲುಗಳಲ್ಲಿಯೂ ತುಂಬಿವೆ. ಅವು ಹಿಂದಿನ ಹೆಬ್ಬೆಟ್ಟಿನ ಪತ್ರಗಳ ಮೊಮ್ಮಕ್ಕಳು. ಬರೆದವನಿಗೆ ಸ್ಪಷ್ಟವಾಗಿದ್ದರೆ ಸಾಲದು, ಓದಿದವನಿಗೆ ಸ್ಪಷ್ಟವಾಗಬೇಕು. ತನ್ನನ್ನು ಕಾಪಾಡಿಕೊಳ್ಳಲೆಂದೇ ಬರೆದ ಕಾಗದ ಬೇಲಿ. ಇಬ್ಬರನ್ನೂ ಕಾಪಾಡಲು ಬರೆದದ್ದು ಎಲ್ಲೆಗಲ್ಲು. ಎರಡೂ ನೆಲದಲ್ಲಿಯೇ ನಿಂತಿರುತ್ತವೆ. ಆದರೆ ಒಂದರಲ್ಲಿ ಮುಳ್ಳಿರುತ್ತದೆ.

ಇನ್ನು ಕೊನೆಯ ಆಕ್ಷೇಪಕ್ಕೆ ಬರೋಣ. ಎಲ್ಲವನ್ನೂ ಅಳೆದು ಬರೆದಮೇಲೆ ಸ್ನೇಹಕ್ಕೆ, ಔದಾರ್ಯಕ್ಕೆ ಎಡೆಯೆಲ್ಲಿ? ನನಗೂ ಬಹುಕಾಲ ಹೀಗೆಯೇ ತೋರುತ್ತಿತ್ತು. ಉತ್ತರ ಸಿಕ್ಕಿದ್ದು ಆ ಕೊಸರಿನಲ್ಲಿ. ನೂರು ಕಾಯಿ ಎಣಿಸಿ ಆದ ಮೇಲೆ ಹಾಕಿದ ಎರಡು ಕಾಯಿ ಕೊಸರು. ಎಣಿಸದೆಯೇ ರಾಶಿಯಿಂದ ಬಾಚಿ ಚೀಲಕ್ಕೆ ತುಂಬಿದರೆ, ಅದರಲ್ಲಿ ನೂರಿಪ್ಪತ್ತು ಇದ್ದರೂ ಕೊಸರೆಂಬುದು ಒಂದೂ ಇಲ್ಲ. ಕೊಂಡವನಿಗೆ ಕಡಿಮೆಯಾಯಿತೆಂಬ ಅನುಮಾನ, ಕೊಟ್ಟವನಿಗೆ ಹೆಚ್ಚಾಯಿತೆಂಬ ಸಂಕಟ. ಅಳತೆಯಿಲ್ಲದ ಕಡೆ ಕೊಸರಿಲ್ಲ. ಅಲ್ಲಿರುವುದು ಕೊಸರಾಟ ಮಾತ್ರ. ಆ ಹುಡುಗಿ ಮದುವೆಯ ಪತ್ರಿಕೆಯನ್ನು ಪ್ರೀತಿಯಿಂದಲೇ ಮಾಡಿಕೊಟ್ಟಳು. ಆದರೆ ಕೆಲಸದ ಎಲ್ಲೆ ಗೊತ್ತಿಲ್ಲದುದರಿಂದ ಅದು ಅವರ ಕಣ್ಣಿಗೆ ಕಾಣಿಕೆಯಾಗಿ ಕಾಣಲಿಲ್ಲ, ಎಂಟು ಸಾವಿರದ ಒಂದು ಭಾಗವಾಗಿ ಕಂಡಿತು. ಕ್ರಮೇಣ ಅವಳ ಮನಸ್ಸಿನಲ್ಲಿಯೂ ಅದು ಕಾಣಿಕೆಯಾಗಿ ಉಳಿಯದೆ, ಕಿತ್ತುಕೊಂಡ ಕೂಲಿಯಾಯಿತು. ಕೊಟ್ಟವಳಿಗೂ ಪಡೆದವರಿಗೂ ಸಿಗಬೇಕಾಗಿದ್ದ ಸಂತೋಷ ಹಾಳಾಯಿತು. ಎಲ್ಲೆಯನ್ನು ಬರೆಯುವುದು ಔದಾರ್ಯವನ್ನು ತಡೆಯುವುದಕ್ಕಲ್ಲ. ಔದಾರ್ಯವು ಔದಾರ್ಯವೆಂದು ಗುರುತಿಗೆ ಸಿಗುವುದಕ್ಕೆ.

ಜಗುಲಿಯ ಮೇಲಿನ ನ್ಯಾಯ ಏನಾಯಿತೆಂದು ವಾಚಕರು ಕೇಳಬಹುದು. ನಾನು ನನ್ನ ತಪ್ಪನ್ನು ಒಪ್ಪಿಕೊಂಡ ಮೇಲೆ ಇಬ್ಬರೂ ಸ್ವಲ್ಪ ತಣ್ಣಗಾದರು. ಪಾಸ್‌ವರ್ಡುಗಳನ್ನು ಅವಳು ಅಂದೇ ಬರೆದುಕೊಟ್ಟಳು. ಅಂಗಡಿಯ ಹೆಸರನ್ನು ಅಡವಿಟ್ಟುಕೊಂಡದ್ದು ಸರಿಯಲ್ಲವೆಂದು ಅವಳೇ ಹೇಳಿದಳು. ನಿಲ್ಲಿಸಿದ್ದ ಹಣವನ್ನೂ ಅವಳು ಕೈಯಿಂದ ಹಾಕಿದ್ದ ಜಾಹೀರಾತಿನ ಹಣವನ್ನೂ ಅವರು ಕೊಡಲೊಪ್ಪಿದರು; ಸಕ್ಕರೆ ಕಾಯಿಲೆಯ ಮಾತನ್ನು ಕೈಬಿಟ್ಟರು. ಮುಂದಿನ ಆರು ತಿಂಗಳಿಗೆ ಅರ್ಧ ಹಾಳೆಯ ಕಾಗದವೊಂದು ನನ್ನ ಮೇಜಿನ ಮೇಲೆಯೇ ಸಿದ್ಧವಾಯಿತು. ಲೆಕ್ಕ ಹಾಕುವಾಗ ಅವರು, “ಮದುವೆ ಪತ್ರಿಕೆದೂ ಎಷ್ಟಾಯ್ತು ಹೇಳಮ್ಮ” ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಬೇಡ ಮಾವ, ಅದು ನಾನು ಕೊಟ್ಟದ್ದು” ಎಂದಳು.

ಮೊದಲಿನ ಸಲಿಗೆ ಪೂರ್ತಿಯಾಗಿ ಮರಳಿತೆಂದು ನಾನು ಹೇಳಲಾರೆ. ಅವರು ಈಗ ಅವಳ ಮನೆಗೆ ಬಂದಾಗ ಕಾಫಿಗೆ ಮೊದಲಿನಷ್ಟು ಹೊತ್ತು ಕೂರುವುದಿಲ್ಲವಂತೆ. ಮುರಿದದ್ದನ್ನು ಕಾಗದ ಕೂಡಿಸಲಾರದು. ಮುರಿಯದಂತೆ ನೋಡಿಕೊಳ್ಳುವುದು ಮಾತ್ರ ಅದರಿಂದ ಸಾಧ್ಯ. ಆದಕಾರಣ, ಇಂಥ ಕೆಲಸವನ್ನು ಕೈಗೊಂಡ ಮಕ್ಕಳು ನಮ್ಮಂಥ ಹಿರಿಯರ ಬಳಿಗೆ ಬಂದು ‘ಬರೆದು ತೋರಿಸಲೇ?’ ಎಂದು ಕೇಳಿದಾಗ, ನಾವು ನಗದಿರೋಣ. ‘ಬರೆ ಮಗು, ಅವರು ನಿನಗೆ ಬೇಕಾದವರಾದುದರಿಂದಲೇ ಬರೆ’ ಎಂದು ಹೇಳೋಣ.